ದೇವರ ಗೂಡಿನ ಮಾತ್ರೆ

ಗುರುವಾರ ಬಂತೆಂದರೆ ಚಿಕ್ಕಬೈರಪ್ಪ ಮದುವೆಮನೆಗೆ ಹೊರಟವನ ಹಾಗೆ ಸಿಂಗರಿಸಿಕೊಳ್ಳುತ್ತಿದ್ದ. ಬುಧವಾರ ಸಂಜೆಯೇ ಕ್ಷೌರದವನನ್ನು ಕರೆಸಿ ಗಡ್ಡ ಹೆರೆಸಿಕೊಂಡಿರುತ್ತಿದ್ದ. ಗಂಜಿ ಹಾಕಿದ ಪಂಚೆಯನ್ನು ಅಂಜನಮ್ಮ ಮಡಿಕೆ ಮುರಿಯದ ಹಾಗೆ ತಂದು ಕೊಡಬೇಕು. ಮನೆಯ ಹರಳೆಣ್ಣೆ ಆಗದೆಂದು ಪೇಟೆಯಿಂದ ಒಂದು ಸೀಸೆ ವಾಸನೆ ಎಣ್ಣೆ ತಂದಿಟ್ಟುಕೊಂಡಿದ್ದ. ಅದನ್ನು ಅಂಗೈ ತುಂಬ ಹುಯ್ದುಕೊಂಡು ತಲೆಗೆ ತಿಕ್ಕುವಾಗ ಒಲೆಯ ಮುಂದೆ ಕೂತ ಅಂಜನಮ್ಮನಿಗೆ ಆ ವಾಸನೆ ಸೇರುತ್ತಿರಲಿಲ್ಲ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಹೊಗೆ ಎಂದು ಹೇಳುತ್ತಿದ್ದಳು.

"ಬಿರ್ರನೆ ಆಗ್ಲಿ ಕಣೆ. ನಾವೇ ತಡವಾಗಿ ಹೋದ್ರೆ ಮಿಕ್ಕಿದೋರು ಏನ್ ಕಲ್ತಾರು? ಚಿಕ್ಕಬೈರಪ್ಪನ್ನ ನೋಡಿ ಕಲೀರಿ ಅಂತ ಮೇಡಮ್ಮೋರೇ ಬಾಯ್ಬಿಟ್ಟು ಹೇಳವ್ರೆ" ಅನ್ನುತ್ತಿದ್ದ.

ಹೊರಡುವುದು ಮೂವರು. ಅವನು, ಅವಳು, ಮತ್ತೆ ಮಗಳು ಅಮ್ಮಣ್ಣಿ. ಸಾರಕ್ಕಿಯಿಂದ ಸೊಪ್ಪಿನ ತೋಟಗಳ ಬದುವಿನ ಮೇಲೆ ನಡೆದು, ಮಾರೇನಹಳ್ಳಿ ದಾಟಿದರೆ ಜಯನಗರದ ಸೈಟುಗಳು ಶುರುವಾಗುತ್ತಿದ್ದವು. ನಿನ್ನೆ ಮೊನ್ನೆಯ ತನಕ ರಾಗಿ ಬೆಳೆದಿದ್ದ ಹೊಲಗಳಲ್ಲಿ ಕಲ್ಲು ನೆಟ್ಟು ದಾರ ಕಟ್ಟಿ, ಅಲ್ಲೊಂದು ಇಲ್ಲೊಂದು ಮನೆ ಎದ್ದಿದ್ದ ಕಾಲ ಅದು. ಅಂಥ ಒಂದು ಹೊಸ ಮನೆಯ ಮುಂದಿನ ಹಜಾರದಲ್ಲಿ ಒಂದು ಮಹಿಳಾ ಸಮಾಜದವರು ವಾರಕ್ಕೊಮ್ಮೆ ಮಕ್ಕಳ ಕ್ಲಿನಿಕ್ಕು ನಡೆಸುತ್ತಿದ್ದರು. ಡಾಕ್ಟರು ಅನಂತರಾಮು ಮಕ್ಕಳನ್ನು ನೋಡುತ್ತಿದ್ದರು. ಆಮೇಲೆ ಕೋರ್ಟಿನ ಕಡೆಯ ಜಯದೇವಿ ಮೇಡಂ ತಂದೆ ತಾಯಿಗಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು.

ಅಲ್ಲಿಗೆ ಹೋಗಬೇಕೆಂದು ಕೋರ್ಟೇ ಹೇಳಿತ್ತು.

ಅಮ್ಮಣ್ಣಿಗೆ ಎಂಟು ತುಂಬಿದಾಗಿನಿಂದ ಮೂರ್ಛೆ ಬರುತ್ತಿತ್ತು. ನಿಂತಲ್ಲಿ ನಿಂತ ಹಾಗೆ ಕಣ್ಣು ಮೇಲಕ್ಕೆ ಹೋಗಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ತಾಯತ ಕಟ್ಟಿಸಿದ್ದಾಯಿತು, ಮಡಿವಾಳದ ಕಡೆಯ ಒಬ್ಬನ ಹತ್ತಿರ ನಾಟಿ ಔಷಧಿ ಕುಡಿಸಿದ್ದಾಯಿತು. ಸುಗ್ಗಿ ಮುಗಿದ ಮೇಲೆ ಒಂದು ದಿನ ಅಂಜನಮ್ಮ ದನಗಳಿಗೆ ನೀರು ಕುಡಿಸಲು ಕೆರೆಗೆ ಹೋಗಿದ್ದಳು. ಹೋಗು ಎಂದು ಅತ್ತೆ ಮುನಿವೆಂಕಟಮ್ಮನೇ ಕಳಿಸಿದ್ದಳು. ಹಿಂತಿರುಗಿ ಕೊಟ್ಟಿಗೆಯ ಮುಂದೆ ಬಂದಾಗ ಕೋಳಿಯ ಪುಕ್ಕ ಸುಟ್ಟ ಹಾಗೆ ವಾಸನೆ ಬಂತು. ಇವತ್ತು ಯಾವ ಹಬ್ಬ ಎಂದುಕೊಳ್ಳುತ್ತಲೇ ಒಳಗೆ ಹೋದಳು. ಅತ್ತೆ ಮಗುವನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು ಬಾಯಿಗೆ ಸೆರಗು ತುರುಕಿ ಹಿಡಿದಿದ್ದಳು. ಚಿಕ್ಕಬೈರಪ್ಪ ಕುಡುಗೋಲನ್ನು ನೀರಿಗೆ ಅದ್ದುತ್ತಿದ್ದ. ಅದು ಚುಂಯ್ ಎಂದಿತು. ಎರಡು ಮೊಣಕೈ, ಕತ್ತಿನ ಹಿಂಭಾಗ, ಮೂರು ಕಡೆ ಬರೆ.

ಬರೆ ಹಾಕಿದ ಮೇಲೂ ಮೂರ್ಛೆ ನಿಲ್ಲಲಿಲ್ಲ. ಕತ್ತಿನ ಗಾಯ ಕೀವಾಯಿತು. ಶಾಲೆಯ ಮೇಷ್ಟ್ರಮ್ಮ ಲಕ್ಷ್ಮಿದೇವಮ್ಮ ಮಗುವಿನ ರವಿಕೆಗೆ ನೊಣ ಮುತ್ತಿದ್ದನ್ನು ಕಂಡು, ಬಟ್ಟೆ ಬಿಡಿಸಿ ನೋಡಿ, ತಾವೇ ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ಪೊಲೀಸು, ಪೊಲೀಸಿನಿಂದ ಮಕ್ಕಳ ಕೋರ್ಟು. ಮ್ಯಾಜಿಸ್ಟ್ರೇಟರು ಚಿಕ್ಕಬೈರಪ್ಪನನ್ನು ಒಂದು ಗಳಿಗೆ ನೋಡಿ, ಮಗುವನ್ನು ಸರ್ಕಾರಿ ಹೋಮಿಗೆ ಸೇರಿಸಬಹುದು, ಆದರೆ ಒಂದು ಅವಕಾಶ ಕೊಡುತ್ತೇನೆ ಎಂದರು. ತಂದೆಯಾದವನು ವಾರ ವಾರ ಮಗುವನ್ನು ಕರೆತಂದು ಪಾಠ ಮುಗಿಯುವ ತನಕ ಕೂತಿರಬೇಕು. ಮಾತ್ರೆಯನ್ನು ಬೆಳಿಗ್ಗೆ ಸಂಜೆ ತನ್ನ ಕೈಯಿಂದಲೇ ಕೊಡಬೇಕು. ತಪ್ಪಿದ ದಿನ ಮಗು ಹೋಮಿಗೆ. ಅಂಜನಮ್ಮ ಅಲ್ಲಿ ಕಂಬದ ಪಕ್ಕದಲ್ಲಿ ನಿಂತೇ ಇದ್ದಳು. ನೀನು ಯಾರು ಎಂದು ಕೂಡ ಯಾರೂ ಕೇಳಲಿಲ್ಲ.

ಕೊಟ್ಟ ಮಾತನ್ನು ಚಿಕ್ಕಬೈರಪ್ಪ ನಡೆಸಿದ. ಅದನ್ನು ಇಲ್ಲ ಎನ್ನುವ ಹಾಗಿಲ್ಲ. ಅವನಿಗೆ ಅದು ಕೋರ್ಟಿನ ಮಾತಾಗಿ ಉಳಿಯಲಿಲ್ಲ, ಹರಕೆಯಾಯಿತು. ಮಾತ್ರೆಯ ಸೀಸೆಯನ್ನು ಒಂದು ಹಿತ್ತಾಳೆ ಭರಣಿಯಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟ. ದಿನವೂ ಎರಡು ಹೊತ್ತು ಮೈಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ ಗೂಡಿನ ಬಾಗಿಲು ತೆಗೆದು, ದೀಪ ಹಚ್ಚಿ, ಅಮ್ಮಣ್ಣಿಯನ್ನು ಮೂಡಲಿಗೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿ, ತೀರ್ಥದ ಜೊತೆಗೆ ಮಾತ್ರೆ ಕೊಡುತ್ತಿದ್ದ. ಅಂಜನಮ್ಮ ಒಂದು ದಿನ ಗೂಡು ಒರೆಸುವಾಗ ಭರಣಿ ಮುಟ್ಟಿದ್ದಕ್ಕೆ, "ಕೋರ್ಟು ನನ್ನ ಕೈ ಅಂದೈತೆ, ನಿನ್ನ ಕೈ ಅಂದಿಲ್ಲ" ಎಂದು ಸೌಟಿನಿಂದ ಹೊಡೆದಿದ್ದ. ಬರೆ ಎಳೆದ ಕೈಯೇ ಮಾತ್ರೆ ಕೊಡುತ್ತಿತ್ತು. ಅವನ ಬೆರಳು ಮಗಳ ತುಟಿಗೆ ತಾಕುವಾಗ ಅವಳು ಆಚೆ ತಿರುಗಿಬಿಡುತ್ತಿದ್ದಳು. ಆದರೆ ಮೂರ್ಛೆ ನಿಂತಿತ್ತು. ಮೊದಲು ಕಡಿಮೆಯಾಗಿ, ಆಮೇಲೆ ಪೂರ್ತಿ ನಿಂತು, ಮಗು ಕುಂಟಾಬಿಲ್ಲೆ ಆಡುವುದಕ್ಕೆ ಶುರು ಮಾಡಿತ್ತು. ಅದಕ್ಕಾಗಿ ಅಂಜನಮ್ಮ ಎಲ್ಲವನ್ನೂ ನುಂಗಿಕೊಂಡಳು. ಎಣ್ಣೆಯ ವಾಸನೆಯನ್ನೂ ನುಂಗಿದಳು.

ಕ್ಲಿನಿಕ್ಕಿನಲ್ಲಿ ಚಿಕ್ಕಬೈರಪ್ಪ ಮೊದಲ ಬೆಂಚಿನವನಾದ. ಜಯದೇವಿ ಮೇಡಂ ದಾವಣಗೆರೆ ಕಡೆಯವರು. ಬಿಳಿ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆ, ಮೆತ್ತನೆಯ ಮಾತು. ಹೊಸದಾಗಿ ಬಂದ ಅಪ್ಪಂದಿರ ಮುಂದೆ ಅವನನ್ನೇ ನಿಲ್ಲಿಸಿ ಹೇಳಿಸುತ್ತಿದ್ದರು.

"ಹೇಳ್ರಿ ಬೈರಪ್ಪ, ಮೂರ್ಛೆ ಅಂದ್ರ ಏನು?"

"ಅದು ಗಾಳಿ ಸೋಕಿದ್ದಲ್ಲ ತಾಯಿ, ಮಿದುಳಿನ ಕಾಯ್ಲೆ."

"ಮಾತ್ರೆ ಹೆಂಗ ಕೊಡಬೇಕ್ರಿ?"

"ಒಂದು ದಿನಾನೂ ಬಿಡಕೂಡದು. ಬಿಟ್ರೆ ಮೊದ್ಲಿಗಿಂತ ಜೋರಾಗಿ ಬತ್ತದೆ."

ಬೆಂಚಿನ ಮೇಲಿದ್ದವರು ತಲೆಯಾಡಿಸುತ್ತಿದ್ದರು. ಒಬ್ಬ ಮುದುಕ ಮಾತ್ರ ಒಮ್ಮೆ, "ಇಷ್ಟು ತಿಳಿದೋನು ಯಾವ ತಪ್ಪಿಗೆ ಇಲ್ಲಿಗೆ ಬಂದವ್ನೆ?" ಎಂದು ಪಕ್ಕದವನನ್ನು ಕೇಳಿದ್ದ. ಅಂಜನಮ್ಮನಿಗೆ ಆ ಮುದುಕನ ಕಾಲು ಮುಟ್ಟಬೇಕು ಅನ್ನಿಸಿತ್ತು.

ಆಷಾಢ ಕಳೆದ ಮೇಲೆ ಅಂಜನಾಪುರದಲ್ಲಿದ್ದ ಚಿಕ್ಕಬೈರಪ್ಪನ ದೊಡ್ಡಪ್ಪ ತಿಮ್ಮರಾಯಪ್ಪ ಸತ್ತ. ಹಣ್ಣು ಮುದುಕ, ವರ್ಷದಿಂದ ಹಾಸಿಗೆ ಹಿಡಿದಿದ್ದವನು. ಸುದ್ದಿ ತಂದ ಆಳು ತೋಟದ ಬೇಲಿಯ ಆಚೆಯೇ ನಿಂತು, ದಂಟು ಕೀಳುತ್ತಿದ್ದ ಅಂಜನಮ್ಮನಿಗೆ ಹೇಳಿ, ನೀರು ಕೂಡ ಕುಡಿಯದೆ ಮುಂದಿನ ಊರಿಗೆ ಹೋದ. ಹೊತ್ತು ಮುಳುಗುವ ಹೊತ್ತು.

ದಾಯಾದಿಗಳ ಸಾವು, ಸೂತಕ ತಪ್ಪದು. ಸೂತಕ ಸತ್ತ ಗಳಿಗೆಗೆ ಅಂಟುವುದಲ್ಲ, ಸುದ್ದಿ ಕಿವಿಗೆ ಬಿದ್ದ ಗಳಿಗೆಗೆ ಅಂಟುತ್ತದೆ ಎಂದು ಆ ಕಡೆಯವರ ನಡವಳಿಕೆ. ಕಿವಿಗೆ ಬಿದ್ದ ಮೇಲೆ ದೇವರ ಗೂಡಿನ ಬಾಗಿಲು ಮುಚ್ಚಬೇಕು. ತಿಥಿಯ ಊಟ ಆಗಿ, ಮನೆ ಸಾರಿಸಿ, ನೀರು ಚಿಮುಕಿಸುವ ತನಕ ಯಾರೂ ಅತ್ತ ಕೈ ಚಾಚುವ ಹಾಗಿಲ್ಲ. ಅಂಜನಮ್ಮ ದಂಟಿನ ಕಟ್ಟು ಸೊಂಟಕ್ಕೆ ಒತ್ತಿಕೊಂಡು ಮನೆಗೆ ಬಂದಳು. ಚಿಕ್ಕಬೈರಪ್ಪ ಆಗತಾನೆ ಮೈಗೆ ನೀರು ಹಾಕಿಕೊಳ್ಳುತ್ತಿದ್ದ. ಅವನ ಕಿವಿಗೆ ಇನ್ನೂ ಬಿದ್ದಿಲ್ಲ. ಅವಳು ಬಾಯಿ ಬಿಡಲಿಲ್ಲ. ಗೂಡಿನ ಬಾಗಿಲು ತೆರೆಯಿತು, ದೀಪ ಹತ್ತಿತು, ಮಗು ಮಾತ್ರೆ ನುಂಗಿತು. ಆಮೇಲೆ ಅವಳು ಹೇಳಿದಳು.

"ಅಂಜನಾಪುರದ ಮಾವ ಹೋಗ್ಬಿಟ್ರಂತೆ."

"ಯಾವಾಗ ಬಂತು ಸುದ್ದಿ?" ಎಂದು ಕೇಳಿದ್ದು ಮೂಲೆಯಲ್ಲಿ ಕೂತಿದ್ದ ಅತ್ತೆ.

ಸುಳ್ಳು ಹೇಳಬಹುದಾಗಿತ್ತು. ಅಂಜನಮ್ಮನ ಮುಖ ಮೊದಲೇ ಹೇಳಿಬಿಟ್ಟಿತು. ಮುನಿವೆಂಕಟಮ್ಮ ಎದೆ ಎದೆ ಬಡಿದುಕೊಂಡಳು. "ಸೂತಕದ ಮೈನ ಇಟ್ಕಂಡು ಒಳೀಕೆ ಬಂದವ್ಳೆ, ಗಂಡನ ಕೈಲಿ ದೇವರ ಮುಟ್ಟಿಸವ್ಳೆ. ಮನೆ ಮುರುಕಿ. ಇನ್ನೇನು ಕಾದೈತೋ ಈ ಮನೆಗೆ."

ಚಿಕ್ಕಬೈರಪ್ಪ ಹೊಡೆಯಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ನಿಜವಾಗಿ ಹೆದರಿದ್ದ. ಮೊದಲಾದರೆ ಬರಿಯ ಸೂತಕ, ಈಗ ದೇವರಿಗೇ ಮೈಲಿಗೆ. ಗೂಡಿನ ಬಾಗಿಲು ಹಾಕಿ, ಅದರ ಮೇಲೊಂದು ಹಳೆಯ ಕಂಬಳಿ ಇಳಿಬಿಟ್ಟು, ಬೆನ್ನು ತಿರುಗಿಸಿ ಕೂತ.

ಬೆಳಿಗ್ಗೆ ಅಂಜನಮ್ಮ ಕೇಳಿದಳು: "ಮಾತ್ರೆ?"

"ತಿಥಿ ಆಗ್ಲಿ."

"ಒಂದು ದಿನಾನೂ ಬಿಡಕೂಡದು ಅಂತ ನೀವೇ ಹೇಳ್ತಿದ್ರಲ್ಲ, ಎಲ್ಲಾರ ಮುಂದೆ ನಿಂತ್ಕಂಡು."

"ಅದು ಅಲ್ಲಿಯ ಮಾತು. ಮಾತ್ರೇಲಿ ಏನೈತೆ? ಸುಣ್ಣದ ಚೂರು. ಗೂಡ್ನಲ್ಲಿ ಇಟ್ಟಿದ್ದಕ್ಕೆ ಅದು ನಡೀತು. ಈಗ ಮೈಲಿಗೇಲಿ ತೆಗೆದು ಕೊಟ್ರೆ ವಿಷ ಆಯ್ತದೆ. ನನ್ನ ಮಗಳು ಕಣೆ ಅವಳು, ನಿನ್ನೊಬ್ಬಳದ್ದೇ ಅಲ್ಲ."

ಅವನು ಸೌದೆ ತರಲು ಹೋದ ಹೊತ್ತು, ಅತ್ತೆ ಬಾಗಿಲಲ್ಲಿ ತೂಕಡಿಸುತ್ತಿದ್ದ ಹೊತ್ತು, ಅಂಜನಮ್ಮ ಗೂಡಿನ ಮುಂದೆ ನಿಂತಳು. ಕಂಬಳಿ ಸರಿಸಿದರೆ ಬಾಗಿಲು, ಬಾಗಿಲು ತೆಗೆದರೆ ಭರಣಿ. ಚಿಲಕಕ್ಕೆ ಬೀಗವೂ ಇರಲಿಲ್ಲ. ಕೈ ಎತ್ತಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಮುಟ್ಟಿ, ಮಗುವಿಗೆ ಏನಾದರೂ ಆಗಿಬಿಟ್ಟರೆ? ಅವಳೂ ಅದೇ ಮನೆಯ ಅನ್ನ ತಿಂದವಳು, ಅಂಥದೇ ಇನ್ನೊಂದು ಮನೆಯಲ್ಲಿ ಹುಟ್ಟಿದವಳು. ಕಂಬಳಿಯ ಕಮಟು ವಾಸನೆ ಕುಡಿಯುತ್ತ ನಿಂತು, ಕೈ ಇಳಿಸಿ ಒಲೆಯ ಕಡೆಗೆ ಹೋದಳು. ಆ ದಿನ ಅವಳಿಗೆ ತನ್ನ ಕೈಯನ್ನು ಕಂಡರೇ ಹೇಸಿಗೆಯಾಯಿತು. ಬೂದಿ ಹಾಕಿ ತೊಳೆದಳು, ಹುಣಿಸೆಹಣ್ಣು ಹಾಕಿ ತಿಕ್ಕಿದಳು.

ಗುರುವಾರ ಬಂತು. ಸೂತಕದ ಮನೆಯವರು ನಾಲ್ಕು ಜನರ ನಡುವೆ ಹೋಗಿ ಕೂರಬಾರದು. ಆದರೆ ಚಿಕ್ಕಬೈರಪ್ಪ ಗಂಜಿ ಪಂಚೆ ಕೇಳಿದ.

"ಸೂತಕ ಅಲ್ವಾ?" ಅಂದಳು ಅಂಜನಮ್ಮ.

"ಪೇಟೆಯೋರಿಗೆ ಎಂಥ ಸೂತಕ. ಹೋಗ್ಲಿಲ್ಲ ಅಂದ್ರೆ ಮಗೂನ ಎಳ್ಕಂಡು ಹೋಯ್ತಾರೆ. ಬಾಯ್ಮುಚ್ಕಂಡು ಬಾ."

ಗಡ್ಡ ಹೆರೆಸುವ ಹಾಗಿರಲಿಲ್ಲ. ಅದೊಂದು ಬಿಟ್ಟು ಎಲ್ಲವೂ ನಡೆಯಿತು. ಎಣ್ಣೆ ಕೂಡ. ದೇವರಿಗೆ ಮೈಲಿಗೆಯಾಗುವ ಮೈ ಬೆಂಚಿಗೆ ಮೈಲಿಗೆಯಾಗದು. ಬದುವಿನ ಮೇಲೆ ಅವನ ಹಿಂದೆ ನಡೆಯುವಾಗ, ಅವನ ಕತ್ತಿನಲ್ಲಿ ಎಣ್ಣೆ ಬೆವರಿನ ಜೊತೆ ಇಳಿಯುತ್ತಿದ್ದುದನ್ನು ನೋಡುತ್ತ ಅಂಜನಮ್ಮ ಒಮ್ಮೆ ಬದಿಗೆ ಸರಿದು ಉಗುಳಿದಳು.

ಜಯದೇವಿ ಮೇಡಂ ಆವತ್ತು ಬಹಳ ಸಂತೋಷದಲ್ಲಿದ್ದರು. "ಬರ್ರಿ ಬೈರಪ್ಪ. ಗಡ್ಡ ಯಾಕ್ರಿ ಬಿಟ್ಟೀರಿ?"

"ಹರಕೆ ತಾಯಿ, ಮಗಳಿಗೋಸ್ಕರ."

"ನೋಡ್ರಿ," ಎಂದು ಮೇಡಂ ಬೆಂಚಿನವರ ಕಡೆ ತಿರುಗಿದರು. "ಬರೋ ಭಾನುವಾರ ನಮ್ಮ ಸಮಾಜದ ವಾರ್ಷಿಕೋತ್ಸವ ಐತಿ. ಬೈರಪ್ಪನವರಿಗೆ ಒಂದು ಶಾಲು ಹೊದಿಸಬೇಕಂತ ಅಧ್ಯಕ್ಷರು ಹೇಳ್ಯಾರ. ತಪ್ಪು ಮಾಡಿದವರು ಹಿಂಗ ತಿದ್ಕೋಬೇಕ್ರಿ. ಮಾತ್ರೆ ತಪ್ಪಿಸಿಲ್ಲಲ್ಲ?"

"ನನ್ನ ಊಟ ತಪ್ಪಬೋದು, ಅದು ತಪ್ಪಾಕಿಲ್ಲ."

ಮೇಡಂ ಬಗ್ಗಿ ಅಮ್ಮಣ್ಣಿಯ ಗಲ್ಲ ಹಿಡಿದರು. "ಅಪ್ಪ ದಿನಾ ಮಾತ್ರೆ ಕೊಡ್ತಾರೇನವ್ವ?"

ಮಗು ಅಪ್ಪನ ಮುಖ ನೋಡಿತು. ಆಮೇಲೆ ಅಮ್ಮನ ಮುಖ ನೋಡಿತು. ಅಂಜನಮ್ಮ ನೆಲ ನೋಡಿದಳು. ಬಾಯಿ ಬಿಟ್ಟರೆ ಮಗಳು ಹೋಮಿಗೆ. ಬಿಡದಿದ್ದರೆ ತಿಥಿಯ ತನಕ ಹೇಗೋ ಕಳೆದೀತು. "ಹ್ಞೂ" ಎಂದಿತು ಮಗು. ಎಷ್ಟು ಸಲೀಸಾಗಿ ಎಂದಿತೆಂದರೆ, ಅದು ಚಿಕ್ಕಬೈರಪ್ಪನ ದನಿಯೇ ಮಗುವಿನ ಬಾಯಿಂದ ಬಂದ ಹಾಗಿತ್ತು. ಮೇಡಂ ಮಗುವಿನ ಕೈಗೆ ಒಂದು ಪೆಪ್ಪರಮಿಂಟು ಇಟ್ಟರು. ಸುಳ್ಳಿನ ಮೇಲೆ ಸಿಹಿ. ಅಂಜನಮ್ಮ ಬೆಂಚಿನ ಅಂಚು ಹಿಡಿದುಕೊಂಡಳು.

ಹಿಂತಿರುಗುವಾಗ ಬಿಸಿಲು ಏರಿತ್ತು. ಎರಡು ರಸ್ತೆ ದಾಟಿದರೆ ಹೊಸದಾಗಿ ಟಾರು ಹಾಕುತ್ತಿದ್ದ ಜಾಗ. ಡ್ರಮ್ಮಿನ ಕೆಳಗೆ ಸೌದೆ ಉರಿಯುತ್ತಿತ್ತು, ಟಾರು ಕುದಿಯುತ್ತಿತ್ತು. ಕೆಲಸದವರು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಬೆಂಕಿ ಕೆದಕುತ್ತಿದ್ದರು. ಅಮ್ಮಣ್ಣಿ ಪೆಪ್ಪರಮಿಂಟು ಚೀಪುತ್ತ ಜಲ್ಲಿಯ ಗುಡ್ಡೆಯ ಪಕ್ಕ ನಡೆಯುತ್ತಿದ್ದವಳು ನಿಂತಳು. ಕೈ ಒಂದು ಕಡೆಗೆ ತಿರುಚಿಕೊಂಡಿತು. ಜಲ್ಲಿಯ ಮೇಲೆಯೇ ಬಿದ್ದಳು.

ಮೊದಲೆಲ್ಲ ಬರುತ್ತಿದ್ದ ಮೂರ್ಛೆ ಸ್ವಲ್ಪ ಹೊತ್ತಿಗೆ ಇಳಿದುಬಿಡುತ್ತಿತ್ತು. ಇದು ಇಳಿಯಲಿಲ್ಲ. ಒಂದು ಅಲೆ ಹೋಗುತ್ತಿದ್ದ ಹಾಗೆ ಇನ್ನೊಂದು. ಅಂಜನಮ್ಮ ಮಗುವನ್ನು ಮಗ್ಗುಲಿಗೆ ತಿರುಗಿಸಿ, ಬಾಯಿಯೊಳಗಿನ ಪೆಪ್ಪರಮಿಂಟನ್ನು ಬೆರಳು ಹಾಕಿ ತೆಗೆದು ಎಸೆದಳು. ನೊರೆಯಲ್ಲಿ ಕೆಂಪು ಬಂತು. ತುಟಿ ನೀಲಿಯಾಗುತ್ತಿತ್ತು. ಹೊಸ ಮನೆಗಳ ಕಿಟಕಿಯಿಂದ ಮುಖಗಳು ಇಣುಕಿದವು. ಯಾರೋ, "ಈರುಳ್ಳಿ ಮೂಸಿಸಿ" ಅಂದರು.

"ನೋಡ್ದಾ? ನೋಡ್ದಾ ನೀನು ಮಾಡಿದ್ದು?" ಎಂದ ಚಿಕ್ಕಬೈರಪ್ಪ. "ದೇವರ್ನ ಮೈಲಿಗೆ ಮಾಡಿದ್ದಕ್ಕೆ ಬಂದೈತೆ ಇದು. ಇದಕ್ಕೆ ಒಂದೇ ದಾರಿ."

ಅವನು ಡ್ರಮ್ಮಿನ ಹತ್ತಿರ ಹೋಗಿ ಕೆಲಸದವನ ಕೈಯಿಂದ ಸಲಾಕೆ ತೆಗೆದುಕೊಂಡ. ಯಾಕೆಂದು ತಿಳಿಯದೆ ಕೆಲಸದವನು ಕೊಟ್ಟ. ಸಲಾಕೆಯ ತುದಿ ಕೆಂಪಗಿತ್ತು. ಚಿಕ್ಕಬೈರಪ್ಪ ಅದನ್ನು ಹಿಡಿದುಕೊಂಡು ಬರುತ್ತಿದ್ದಾಗ ಅವನ ಮುಖದಲ್ಲಿ ಕೋಪವಿರಲಿಲ್ಲ. ಮಗಳನ್ನು ಉಳಿಸಿಕೊಳ್ಳಲು ಬರುತ್ತಿದ್ದ ಅಪ್ಪನ ಮುಖವೇ ಅದು, ಕಣ್ಣಲ್ಲಿ ನೀರು ಕೂಡ ಇತ್ತು. ಅದನ್ನು ಕಂಡು ಅಂಜನಮ್ಮನಿಗೆ ಆದಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಕೇಡಿಗನಾಗಿದ್ದರೆ ಬೈಯಬಹುದಾಗಿತ್ತು.

ಅವಳು ಬೈಯಲಿಲ್ಲ. ಕಾಲು ಒದರುತ್ತಿದ್ದ ಮಗುವನ್ನು ಎದೆಗೆ ಅವುಚಿಕೊಂಡು ಎದ್ದು, ಬಂದ ದಾರಿಯಲ್ಲೇ ಓಡಿದಳು. ಸೆರಗು ಟಾರಿನ ಮೇಲೆ ಎಳೆದುಕೊಂಡು ಬರುತ್ತಿತ್ತು. ಹಿಂದಿನಿಂದ ಅವನು ಸಲಾಕೆ ಹಿಡಿದೇ ಕೂಗುತ್ತ ಬರುತ್ತಿದ್ದುದು ಕೇಳುತ್ತಿತ್ತು. ಮಗು ಉಚ್ಚೆ ಹುಯ್ದುಕೊಂಡು ಅವಳ ಸೀರೆಯೆಲ್ಲ ಬಿಸಿಯಾಗಿ ಒದ್ದೆಯಾಯಿತು. ಬಿಸಿಯಾಗಿದೆಯಲ್ಲ, ಜೀವ ಇದೆ ಎಂದುಕೊಂಡು ಇನ್ನೂ ಜೋರಾಗಿ ಓಡಿದಳು.

ಅನಂತರಾಮು ಡಾಕ್ಟರು ಹೊರಡಲು ಕಾರಿನ ಬಾಗಿಲು ತೆಗೆದಿದ್ದರು. ಮತ್ತೆ ಒಳಗೆ ಬಂದು ಸೂಜಿ ಚುಚ್ಚಿದರು, ಕಾದರು, ಇನ್ನೊಂದು ಚುಚ್ಚಿದರು. ಮಗುವಿನ ಕೈ ಮೆಲ್ಲಗೆ ಬಿಚ್ಚಿಕೊಂಡಿತು. ಡಾಕ್ಟರು ಬೆವರು ಒರೆಸಿಕೊಂಡು, "ಮಾತ್ರೆ ನಿಲ್ಲಿಸಿದ್ದೀರಾ?" ಎಂದು ಕೇಳಿದರು.

ಚಿಕ್ಕಬೈರಪ್ಪ ಆಗ ಬಾಗಿಲಲ್ಲಿದ್ದ. ಸಲಾಕೆಯನ್ನು ಎಲ್ಲಿ ಬಿಟ್ಟನೋ. "ಇಲ್ಲ ಸಾಮಿ. ಇವತ್ತು ಬೆಳಿಗ್ಗೇನೂ ಕೊಟ್ಟಿವ್ನಿ."

"ಇಲ್ಲ," ಎಂದಳು ಅಂಜನಮ್ಮ. ಆ ಹಜಾರದಲ್ಲಿ ಅವಳು ಆಡಿದ ಮೊದಲ ಮಾತು ಅದು. "ಅವರ ದೊಡ್ಡಪ್ಪ ಸತ್ತಾಗಿಂದ ಕೊಟ್ಟಿಲ್ಲ. ಸೂತಕ ಅಂತ. ಈಗ ರಸ್ತೇಲಿ ಬರೆ ಹಾಕಾಕೆ ಬಂದ್ರು."

ಜಯದೇವಿ ಮೇಡಂ ಅವಳ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ವಾರ್ಷಿಕೋತ್ಸವದ ಕಾಗದದ ಹೂವುಗಳನ್ನು ಗುಡ್ಡೆ ಹಾಕಿದ್ದರು. ಮೇಡಂ ಬಾಗಿಲು ಮುಂದಕ್ಕೆ ಮಾಡಿದರು.

"ನೋಡವ್ವ ಅಂಜನಮ್ಮ. ಇದನ್ನ ನಾನು ಬರದುಕೊಂಡ್ರ ಕೋರ್ಟಿಗೆ ಹೋಗ್ತದ. ಹೋದ್ರ ಮಗೂನ ಹೋಮಿಗೆ ಹಾಕ್ತಾರ. ನೀ ಕೊಡಂಗಿಲ್ಲ ಅಂದ್ರೂ ಬಿಡಂಗಿಲ್ಲ. ಬೈರಪ್ಪ ಚಲೋ ಮನುಷ್ಯ ಅಂತ ನಾನು ಹ್ವಾದ ವಾರನ ಬರದು ಕಳಿಸೀನಿ. ಏನೋ ಮೂಢನಂಬಿಕಿ, ಒಂದು ಸಲ ತಪ್ಪ್ಯಾನ. ಇನ್ನಷ್ಟು ಪಾಠ ಹೇಳಿದ್ರ ತಿದ್ದಬಹುದು. ಮಗು ಈಗ ಆರಾಮ ಐತಿ. ಯೋಚನೆ ಮಾಡಿ ಹೇಳು."

ಆ ಮಾತಿನಲ್ಲಿ ಕರುಣೆಯೂ ಇತ್ತು, ಭಾನುವಾರದ ಶಾಲೂ ಇತ್ತು. ಎರಡೂ ಬಿಡಿಸಲು ಬರದ ಹಾಗೆ ಕಲಸಿಕೊಂಡಿದ್ದವು. ಅಂಜನಮ್ಮ ತನ್ನ ಸೀರೆಯ ಕಡೆ ನೋಡಿಕೊಂಡಳು. ಟಾರು, ಉಚ್ಚೆ, ನೊರೆ. ಆ ಕೋಣೆಯಲ್ಲಿ ನಾರುತ್ತಿದ್ದವಳು ತಾನೇ.

"ನಾವು ಸುಮ್ಕಿದ್ರೆ ಶಾಲು ಹೊದಿಸ್ತೀರಾ?" ಎಂದು ಕೇಳಿದಳು.

ಮೇಡಂ ಕೆಳಗೆ ಬಿದ್ದಿದ್ದ ಒಂದು ಕಾಗದದ ಹೂವನ್ನು ಎತ್ತಿ ಗುಡ್ಡೆಯ ಮೇಲಿಟ್ಟರು.

"ಹೋಮಿನಾಗೆ ಮಾತ್ರೆ ಕೊಡ್ತಾರಾ?"

"ಕೊಡ್ತಾರ."

"ಅಲ್ಲಿ ಯಾರಾನ ಸತ್ರೂ ಕೊಡ್ತಾರಾ?"

"ಕೊಡ್ತಾರವ್ವ."

"ಹಂಗಾದ್ರೆ ಬರ್ಕಳಿ."

ಕೋರ್ಟಿನಲ್ಲಿ ಈ ಸಲ ಅವಳನ್ನು ಕೇಳಿದರು. ಅವಳು ಹೇಳಿದಳು. ಮಗುವನ್ನು ನನ್ನ ಜೊತೆ ಅರೆಕೆರೆಯ ತವರಿಗೆ ಕಳಿಸಿ, ನಾನೇ ಮಾತ್ರೆ ಕೊಡುತ್ತೇನೆ ಎಂದೂ ಕೇಳಿಕೊಂಡಳು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, "ನಿನಗೆ ಗೊತ್ತಿತ್ತು. ಅಷ್ಟು ದಿನ ನೀನ್ಯಾಕೆ ಕೊಡಲಿಲ್ಲ?" ಎಂದು ಕೇಳಿದರು. ಕೈ ಮುಂದಕ್ಕೆ ಹೋಗಲಿಲ್ಲ ಎಂದರೆ ಆ ಮೇಜಿನ ಹಿಂದೆ ಕೂತವರಿಗೆ ಅದು ಉತ್ತರವಲ್ಲ. ಅವಳಿಗೂ ಅದು ಉತ್ತರ ಅನ್ನಿಸಲಿಲ್ಲ. ಅಮ್ಮಣ್ಣಿಯನ್ನು ಹೋಮಿಗೆ ಕಳಿಸಿ, ತಂದೆ ತಾಯಿ ವಾರ ವಾರ ಅಲ್ಲಿಗೆ ಬಂದು ಮಗುವಿನ ಚಿಕಿತ್ಸೆ ನೋಡಿ ಕಲಿಯಬೇಕೆಂದು ಹುಕುಂ ಆಯಿತು. ಆಮೇಲೆ ನೋಡೋಣ ಎಂದರು.

ಕರೆದುಕೊಂಡು ಹೋಗುವಾಗ ಅಮ್ಮಣ್ಣಿ ಅಳಲಿಲ್ಲ. "ನಾನು ಹ್ಞೂ ಅಂದಿದ್ದಕ್ಕಾ?" ಎಂದು ಮಾತ್ರ ಕೇಳಿದಳು.

"ಅಲ್ಲ ಕಣವ್ವ. ನಾನು ಸುಮ್ಕಿದ್ದಿದ್ದಕ್ಕೆ."

ಚಿಕ್ಕಬೈರಪ್ಪ ಮೊದಲ ವಾರ ಬಂದ. ಹೋಮಿನಲ್ಲಿ ಅವನಿಗೆ ಯಾರೂ ಬೆಂಚು ತೋರಿಸಲಿಲ್ಲ, ಏನೂ ಕೇಳಲಿಲ್ಲ. ಬಿಸಿಲಲ್ಲಿ ಗೇಟಿನ ಹತ್ತಿರ ನಿಂತು ಕಾದ. ಎರಡನೇ ವಾರ ಸೊಪ್ಪಿಗೆ ನೀರು ಕಟ್ಟಬೇಕು ಅಂದ. ಮೂರನೆಯ ವಾರದಿಂದ ಏನೂ ಅನ್ನಲಿಲ್ಲ. ಊರಲ್ಲಿ, ಹೆಂಡತಿ ಮಗಳನ್ನು ಸರ್ಕಾರಕ್ಕೆ ಕೊಟ್ಟುಬಿಟ್ಟಳು ಎಂದು ಹೇಳಿಕೊಂಡು ತಿರುಗಿದ. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಅಂಜನಮ್ಮ ಬಂದರೆ ಬಿಂದಿಗೆ ಸರಿಸಿಕೊಳ್ಳುತ್ತಿದ್ದರು. ಅವಳು ತನ್ನ ಬಿಂದಿಗೆ ತುಂಬಿಕೊಂಡು ಬರುತ್ತಿದ್ದಳು.

ಗುರುವಾರ ಗುರುವಾರ ಒಬ್ಬಳೇ ಹೋದಳು. ಹೋಮಿನ ಉದ್ದನೆಯ ಕೋಣೆಯಲ್ಲಿ ಫಿನೈಲು ಮತ್ತೆ ಹಳಸಿದ ಸಾರಿನ ವಾಸನೆ. ಗೋಡೆಯ ಮೇಲೆ ತಿಗಣೆ ಹೊಸಕಿದ ಕೆಂಪು ಗೆರೆಗಳು. ಮಕ್ಕಳ ತಲೆಯನ್ನೆಲ್ಲ ಹೇನಿಗೆಂದು ಬೋಳಿಸಿದ್ದರು. ಅಮ್ಮಣ್ಣಿಯ ಬೋಳು ತಲೆಯ ಕೆಳಗೆ ಕತ್ತಿನ ಬರೆ ಈಗ ಯಾರು ಬೇಕಾದರೂ ನೋಡುವ ಹಾಗೆ ಕಾಣುತ್ತಿತ್ತು.

ಆಯಾ ಮಂಗಮ್ಮ ಎಲೆ ಅಡಿಕೆ ಜಗಿಯುತ್ತ ಬಂದಳು. ದಪ್ಪ ಹೆಂಗಸು, ಯಾರ ಮುಖವನ್ನೂ ನೋಡುವವಳಲ್ಲ. ತಲೆ ಕೆರೆದುಕೊಂಡ ಕೈಯನ್ನೇ ಡಬ್ಬಿಗೆ ಹಾಕಿ ಮಾತ್ರೆ ತೆಗೆದು, ಸಾಲಾಗಿ ನಿಂತ ಮಕ್ಕಳಲ್ಲಿ ಅಮ್ಮಣ್ಣಿಯ ಬಾಯಿಗೆ ಹಾಕಿದಳು.

"ನೀರು ಕುಡಿ. ಬಾಯ್ಬಿಡು. ನಾಲಿಗೆ ಎತ್ತು. ಹೋಗು" ಎಂದು ಮಂಗಮ್ಮ ಮುಂದಿನ ಮಗುವಿಗೆ ಹೋದಳು. ಅಂಜನಮ್ಮನನ್ನು ಕಂಡು, "ದಿನಾ ಎರಡೊತ್ತು ಇದೇ ಕಥೆ ಕಣಮ್ಮ. ನನ್ನ ಬಾಣಂತನದಲ್ಲೂ ಈ ಕೆಲಸ ತಪ್ಪಿಸಿಲ್ಲ ಇವ್ರು ನನಗೆ" ಎಂದು ಗೊಣಗಿದಳು.

ಅಮ್ಮಣ್ಣಿ ಅಮ್ಮನ ಹತ್ತಿರ ಓಡಿ ಬಂದು, "ನಾನು ಬೀಳಲೇ ಇಲ್ಲ ಕಣವ್ವ, ಬಂದಾಗಿಂದ" ಎಂದಳು.

"ಬಾಯ್ಬಿಡು."

"ಮಂಗಮ್ಮ ನೋಡಿದ್ರಲ್ಲ."

"ನನಗೂ ಬಿಡು."

ಮಗು ಬಾಯಿ ತೆರೆಯಿತು. ನಾಲಿಗೆ ಎತ್ತಿತು. ಅಂಜನಮ್ಮ ಬಗ್ಗಿ ನೋಡಿದಳು. ನೋಡಿದ್ದು ಸಾಲಲಿಲ್ಲ. ತೋರುಬೆರಳನ್ನು ಬಾಯೊಳಗೆ ಹಾಕಿ, ಒಂದು ಕಡೆಯ ದವಡೆಯ ಸಂದಿಯಲ್ಲೆಲ್ಲ ಆಡಿಸಿದಳು. ಏನೂ ಸಿಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಇನ್ನೊಂದು ಕಡೆಗೂ ಹಾಕಿ ನೋಡಿದಳು.